ಸ್ಲೀವ್ ಆಪರೇಷನ್ ಆದ ಮೇಲೆ ಮುದ್ದೆ ಯಾವಾಗ ತಿನ್ನಬಹುದು?

ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಮುಂದಿನ ತಿಂಗಳು ಲ್ಯಾಪರೋಸ್ಕೋಪಿಕ್ ಸ್ಲೀವ್, ಅಂದರೆ ತೂಕ ಇಳಿಸಲು ಸಣ್ಣ ತೂತುಗಳ ಮೂಲಕ ಜಠರವನ್ನು ಚಿಕ್ಕದು ಮಾಡುವ ಆಪರೇಷನ್, ಮಾಡಿಸಿಕೊಳ್ಳುತ್ತಿದ್ದೀರಿ, ನೋವು ಎಷ್ಟು ದಿನ ಇರುತ್ತದೆ, ಕೆಲಸಕ್ಕೆ ಯಾವಾಗ ಹೋಗಬಹುದು, ಮುದ್ದೆ ಯಾವಾಗ ತಿನ್ನಬಹುದು ಅಂತ. ಮೊದಲ ಎರಡಕ್ಕೆ ಉತ್ತರ ಚಿಕ್ಕದು. ಮೂರನೆಯದಕ್ಕೆ ನನಗೆ ಐದು ತಿಂಗಳು ಹಿಡಿಯಿತು.

ನಾನು ಮಂಡ್ಯದ ಕಡೆಯವನು, ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ, 44ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಗ 126 ಕೆಜಿ ಇದ್ದೆ. ಶುಗರ್ ಇತ್ತು, ರಾತ್ರಿ ಗೊರಕೆಯ ಮಧ್ಯೆ ಉಸಿರು ನಿಂತು ನಿಂತು ಬರುತ್ತಿತ್ತು. ಡಾಕ್ಟರ್ ಅಲ್ಲ, ಅನುಭವಿಸಿದವನು ಅಷ್ಟೇ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತನ್ನೇ ಕೇಳಿ.

ಹೊಟ್ಟೆಯ ಮೇಲೆ ಐದು ಸಣ್ಣ ತೂತು ಮಾಡಿದ್ದರು. ಆದರೆ ಎಚ್ಚರವಾದಾಗ ಜಾಸ್ತಿ ನೋಯುತ್ತಿದ್ದದ್ದು ಹೊಟ್ಟೆ ಅಲ್ಲ, ಭುಜ! ಏನೋ ಎಡವಟ್ಟಾಗಿದೆ ಅಂತ ಗಾಬರಿಯಾದೆ. ಒಳಗೆ ಕೈಯಾಡಿಸಲು ಜಾಗ ಸಿಗಲಿ ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ. ಅದರಿಂದ ವಪೆಗೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿಗೆ, ಕಿರಿಕಿರಿಯಾಗುತ್ತದೆ. ವಪೆಯ ನರ, ಭುಜದ ಚರ್ಮದ ನರ ಎರಡೂ ಕುತ್ತಿಗೆಯ ಒಂದೇ ಕಡೆಯಿಂದ ಹೊರಡುತ್ತವೆ, ಹಾಗಾಗಿ ಮೆದುಳು ಭುಜ ನೋಯುತ್ತಿದೆ ಅಂದುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ತಾನಾಗಿ ಹೋಯಿತು. ಆಪರೇಷನ್ ಆದ ಸಂಜೆಯೇ ನರ್ಸ್ ಎಬ್ಬಿಸಿ ವಾರ್ಡಿನಲ್ಲಿ ನಡೆಸಿದರು. ಆ ಹೊತ್ತಿಗೆ ಶತ್ರು ಹಾಗೆ ಕಂಡರು. ಆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಆ ನಡಿಗೆ ಬೇಕೇ ಬೇಕು. ಶ್ವಾಸಕೋಶದ ವ್ಯಾಯಾಮಕ್ಕೆ ಅಂತ ಮೂರು ಚೆಂಡಿನ ಉಸಿರಾಟದ ಡಬ್ಬಿ ಕೊಡುತ್ತಾರಲ್ಲ, ಅದನ್ನೂ ಆಟದ ಸಾಮಾನು ಅಂತ ಬದಿಗಿಡಬೇಡಿ.

ಮೂರನೇ ದಿನ ಮನೆಗೆ ಬಂದೆ, ಮೂರನೇ ವಾರ ಕಾಲೇಜಿಗೆ ಹೋದೆ. ಕುಳಿತು ಮಾಡುವ ಕೆಲಸವಾದರೆ ಎರಡು ವಾರ ಸಾಕಾಗಬಹುದು. ನನಗೆ ನಿಂತು ಪಾಠ ಮಾಡುವಾಗ ಅರ್ಧ ಗಂಟೆಗೇ ಕಣ್ಣು ಕತ್ತಲೆ ಬರುತ್ತಿತ್ತು. ಗಾಯ ಮಾಗಿತ್ತು, ಒಳಗೆ ಹೋಗುತ್ತಿದ್ದ ಊಟವೇ ಕಮ್ಮಿ. ಕುರ್ಚಿ ಹಾಕಿಸಿಕೊಂಡೆ. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್ ಎತ್ತುವ ಶೌರ್ಯವನ್ನು ಒಂದೂವರೆ ತಿಂಗಳು ಬೇರೆಯವರಿಗೆ ಬಿಡಿ.

ಒಂದು ವಿಷಯಕ್ಕೆ ಮಾತ್ರ ಯಾರಿಗೂ ಕಾಯಬೇಡಿ. ಮೊದಲ ಕೆಲವು ವಾರಗಳಲ್ಲಿ ಜ್ವರ, ಜಾಸ್ತಿಯಾಗುತ್ತಲೇ ಹೋಗುವ ಹೊಟ್ಟೆನೋವು, ಏದುಸಿರು, ಸುಮ್ನೆ ಮಲಗಿದ್ದರೂ ನಾಡಿ ನಿಮಿಷಕ್ಕೆ 120 ದಾಟುವುದು, ಇವುಗಳಲ್ಲಿ ಯಾವುದು ಕಂಡರೂ ನೇರ ಆಸ್ಪತ್ರೆಗೆ ಹೋಗಿ. ಹೊಲಿಗೆಯ ಸಾಲಿನಲ್ಲಿ ಸೋರಿಕೆ ಆಗಿರಬಹುದು. ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೂ ಅಷ್ಟೇ. ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಹದ ನೋವಿನ ಮಾತ್ರೆ ನುಂಗಬೇಡಿ, ಜಠರದಲ್ಲಿ ಹುಣ್ಣಾಗಬಹುದು. ಶುಗರ್, ಬಿಪಿ ಮಾತ್ರೆ ಇದ್ದರೆ ಮೊದಲ ವಾರದಿಂದಲೇ ಡೋಸ್ ನೋಡಿಸಿ. ಹಳೆಯ ಡೋಸ್ ಈಗಿನ ಊಟಕ್ಕೆ ಜಾಸ್ತಿಯಾಗಿಬಿಡುತ್ತದೆ.

ಇನ್ನು ಊಟ. ಜಠರದ ಮುಕ್ಕಾಲು ಪಾಲಿಗೂ ಜಾಸ್ತಿ ಕತ್ತರಿಸಿ ತೆಗೆದಿರುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಶುರುವಿನಲ್ಲಿ ಎರಡು ದೊಡ್ಡ ಚಮಚದಷ್ಟು, 30 ಎಂಎಲ್ ನೀರು, ಹದಿನೈದು ನಿಮಿಷಕ್ಕೊಮ್ಮೆ. ದಿನವಿಡೀ ಅದೇ ಉದ್ಯೋಗ. ಮೊದಲ ಎರಡು ವಾರ ಬೇಳೆಕಟ್ಟು, ನೀರುಮಜ್ಜಿಗೆ, ಸೋಸಿದ ಸೂಪು, ಪ್ರೋಟೀನ್ ಪುಡಿ. ಆಮೇಲೆ ಎರಡು ವಾರ ಮಿಕ್ಸಿಗೆ ಹಾಕಿದ್ದು. ಆಮೇಲೆ ಅರ್ಧ ಇಡ್ಲಿ, ಒಂದು ಮೊಟ್ಟೆ.

ಇಲ್ಲಿ ನಮ್ಮ ಮನೆಯಲ್ಲಿ ಜಗಳ. ಅವ್ವನಿಗೆ ರಾಗಿ ಅಂಬಲಿ ಕುಡಿಸಬೇಕು, ‘ಮಗ ಒಣಗಿ ಹೋದ’ ಅಂತ. ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ನನಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕಿತ್ತು. ಅಂಗೈಯಷ್ಟು ಜಾಗವನ್ನು ಅಂಬಲಿಯೇ ತುಂಬಿದರೆ ಮೊಟ್ಟೆ, ಪನೀರು, ಮೀನು ಎಲ್ಲಿ ಹೋಗಬೇಕು? ನಾಲ್ಕನೇ ತಿಂಗಳು ತಲೆಕೂದಲು ಗೊಂಚಲು ಗೊಂಚಲು ಉದುರಿದಾಗ ಅವ್ವ ಅಂಬಲಿ ಬಿಟ್ಟಿದ್ದಕ್ಕೇ ಅಂದಳು. ಬೇಗ ತೂಕ ಇಳಿದರೆ ಹೀಗಾಗುವುದು ಸಾಮಾನ್ಯವಂತೆ. ವರ್ಷದೊಳಗೆ ಮತ್ತೆ ಬಂತು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಮಾತ್ರೆ ಮಾತ್ರ ಜೀವನಪೂರ್ತಿ. ಪಿತ್ತಕೋಶದಲ್ಲಿ ಕಲ್ಲಾಗದಿರಲಿ ಅಂತ ಆರು ತಿಂಗಳು ಇನ್ನೊಂದು ಮಾತ್ರೆಯೂ ಕೊಟ್ಟಿದ್ದರು.

ಈಗ ಮುದ್ದೆ. ನಮ್ಮ ಕಡೆ ಮುದ್ದೆ ಅಗಿದರೆ ನಗುತ್ತಾರೆ, ಗೊತ್ತಲ್ವಾ? ಸಾರಿನಲ್ಲಿ ಅದ್ದಿ ನುಂಗುವುದೇ ಪದ್ಧತಿ. ನಲವತ್ತು ವರ್ಷ ನುಂಗಿ ನುಂಗಿ ನನಗೆ ಅಗಿಯುವುದೇ ಮರೆತುಹೋಗಿತ್ತು, ಅನ್ನ, ಮಾಂಸ ಎಲ್ಲವನ್ನೂ ಹಾಗೇ ಇಳಿಸುತ್ತಿದ್ದೆ. ಮೂರನೇ ತಿಂಗಳು ಅಕ್ಕನ ಮಗಳ ಮದುವೆಯ ಬೀಗರ ಊಟ. ಪಕ್ಕದವರ ಮಾತು ಕೇಳುತ್ತಾ ಒಂದು ಮಟನ್ ತುಂಡನ್ನು ಅರ್ಧಂಬರ್ಧ ಅಗಿದು ನುಂಗಿದೆ. ಎದೆಗೂಡಿನ ಹಿಂದೆ ಕಲ್ಲು ಕೂತ ಹಾಗಾಯಿತು. ನೀರು ಕುಡಿದರೆ ಇಳಿಯುತ್ತದೆ ಅಂದುಕೊಂಡೆ, ಅದೇ ತಪ್ಪು, ನೀರೂ ಮೇಲೆಯೇ ನಿಂತಿತು. ಬಾಯಿತುಂಬ ನೊರೆ ಉಗುಳು. ಪಂಕ್ತಿಯಿಂದ ಎದ್ದು ಹೋಗಿ ಶಾಮಿಯಾನದ ಹಿಂದೆ ಅರ್ಧ ಗಂಟೆ ಬಗ್ಗಿ ನಿಂತಿದ್ದೆ. ತುಂಡು ವಾಪಸ್ ಬಂದ ಮೇಲೇ ಜೀವ ಬಂತು.

ಅವತ್ತಿನಿಂದ ಒಂದು ತುತ್ತಿಗೆ ಇಪ್ಪತ್ತು ಸಲ ಅಗಿಯುತ್ತೇನೆ. ತುತ್ತು ಕೆಳಗಿಳಿಯುವವರೆಗೆ ಕೈ ತಟ್ಟೆಗೆ ಹೋಗುವುದಿಲ್ಲ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ತಟ್ಟೆ ಮುಂದೆ ಮಾತೂ ಇಲ್ಲ, ಇದು ಮನೆಯವರಿಗೆ ಸ್ವಲ್ಪ ಬೇಜಾರು.

ಐದನೇ ತಿಂಗಳು ಡಯಟೀಷಿಯನ್ ಒಪ್ಪಿದ ಮೇಲೆ ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಮುದ್ದೆ, ಜೊತೆಗೆ ಬೇಯಿಸಿದ ಕಾಳಿನ ಬಸ್ಸಾರು. ಮೊದಲು ಕಾಳು ತಿಂದೆ, ಆಮೇಲೆ ಮುದ್ದೆ, ಅಗಿದು ಅಗಿದು. ಹಲ್ಲಿಗೆಲ್ಲ ಅಂಟಿಕೊಂಡಿತು. ಅವ್ವ ಎದುರಿಗೆ ಕೂತು ನೋಡಿ, ‘ಊರಲ್ಲಿ ಯಾರಿಗೂ ಹೇಳಬೇಡ’ ಅಂದಳು. ಈಗ 88 ಕೆಜಿ ಇದ್ದೇನೆ. ಮುದ್ದೆ ಇನ್ನೂ ನಿಂಬೆಹಣ್ಣಿನ ಗಾತ್ರದ್ದೇ.