ಡಿಸೆಂಬರ್ 5ರಿಂದ ಶುರು ಮಾಡಿ

ಪ್ರಿಯ ಲೇಖಕರೇ,

ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ತಂಡವಾದ ಡೆಟ್ರಾಯಿಟ್ ಲಯನ್ಸ್, ಹೊಸ ಮುಖ್ಯ ತರಬೇತುದಾರ ಡ್ಯಾನ್ ಕ್ಯಾಂಪ್‌ಬೆಲ್ ಕೈಗೆ ಬಂದ ಮೊದಲ ಋತುವಿನ (2021) ಬಗ್ಗೆ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ಒಂಬತ್ತನೇ ಪುಟದಲ್ಲಿ ನೀವು ಬರೆದಿರುವ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿದೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ನಿಮ್ಮ ಲೇಖನದ ದೊಡ್ಡ ದೋಷವೆಂದರೆ ಅದಕ್ಕೆ ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿದೆ. ಎರಡನೇ ಪ್ಯಾರಾದಲ್ಲೇ 2023ರ 12 ಗೆಲುವುಗಳನ್ನು ಹೇಳಿಬಿಟ್ಟಿದ್ದೀರಿ. ಅಲ್ಲಿಂದ ಮುಂದೆ 2021ರ ಒಂದೊಂದು ಸೋಲೂ ಆ ಗೆಲುವಿಗೆ ಹಾಕಿದ ಮೆಟ್ಟಿಲಿನಂತೆ ಕಾಣುತ್ತದೆ. ಸೋತವರಿಗೆ ಆಗ ಹಾಗೆ ಕಂಡಿರಲಿಲ್ಲ. ಮೊದಲ ಹನ್ನೊಂದು ಪಂದ್ಯಗಳಲ್ಲಿ ಹತ್ತು ಸೋಲು, ಒಂದು ಸಮ. ಆ ತಂಡ ಕೊನೆಯ ಬಾರಿ ಚಾಂಪಿಯನ್ ಆದದ್ದು 1957ರಲ್ಲಿ. 2008ರಲ್ಲಿ ಹದಿನಾರಕ್ಕೆ ಹದಿನಾರೂ ಸೋತ ತಂಡ ಅದು. ಆ 2008ರ ತಂಡದಲ್ಲಿ ಆಟಗಾರನಾಗಿ ಕ್ಯಾಂಪ್‌ಬೆಲ್ ಕೂಡ ಇದ್ದರು, ಗಾಯದಿಂದಾಗಿ ಹೆಚ್ಚು ಆಡಲಿಲ್ಲ ಅಷ್ಟೆ. ಇದನ್ನು ನೀವು ಎಲ್ಲಿಯೂ ಹೇಳಿಲ್ಲ! ಆ ಅವಮಾನವನ್ನು ಒಳಗಿನಿಂದ ಕಂಡ ಮನುಷ್ಯ ಹದಿಮೂರು ವರ್ಷಗಳ ನಂತರ ಅದೇ ಊರಿಗೆ ಬಂದು, ಮತ್ತೆ ವಾರವಾರವೂ ಸೋಲುತ್ತಾ ನಿಂತಿದ್ದಾನೆ. ಓದುಗ ಅವನ ಪಕ್ಕದಲ್ಲಿ ನಿಲ್ಲಬೇಕು, 2023ರ ಎತ್ತರದಿಂದ ಬಗ್ಗಿ ನೋಡಬಾರದು. ಮುಂದಿನ ವರ್ಷಗಳನ್ನು ಪೂರ್ತಿ ತೆಗೆದುಹಾಕಿ.

ಜನವರಿ 2021ರ ಮೊದಲ ಸುದ್ದಿಗೋಷ್ಠಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ನಮ್ಮನ್ನು ಕೆಡವಿದರೆ ಏಳುತ್ತೇವೆ, ಏಳುವಾಗ ಎದುರಾಳಿಯ ಮಂಡಿಚಿಪ್ಪು ಕಚ್ಚಿಕೊಂಡೇ ಏಳುತ್ತೇವೆ ಎಂಬರ್ಥದ ಅವರ ಮಾತು ಎಲ್ಲರ ಬಾಯಲ್ಲೂ ಓಡಾಡಿ ಸವೆದಿದೆ. ಒಂದು ವಾಕ್ಯ ಸಾಕು. ಆ ಜಾಗವನ್ನು ಎರಡು ಒದೆತಗಳಿಗೆ ಕೊಡಿ. ಸೆಪ್ಟೆಂಬರ್ 26ರಂದು ಬಾಲ್ಟಿಮೋರ್ ತಂಡದ ಜಸ್ಟಿನ್ ಟಕರ್ ಕೊನೆಯ ಕ್ಷಣದಲ್ಲಿ 66 ಗಜ ದೂರದಿಂದ ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು, ಮೇಲಕ್ಕೆ ಚಿಮ್ಮಿ, ಆಚೆಗೆ ಬಿದ್ದು ಬಾಲ್ಟಿಮೋರ್‌ಗೆ ಗೆಲುವಿನ ಅಂಕ ತಂದಿತು. 19–17. ಸರಿಯಾಗಿ ಹದಿನಾಲ್ಕು ದಿನ ಕಳೆದು, ಅಕ್ಟೋಬರ್ 10ರಂದು ಮಿನೆಸೋಟದಲ್ಲಿ ಮತ್ತೊಂದು ಕೊನೆಯ ಒದೆತ, 54 ಗಜ. ಮತ್ತೆ ಅದೇ 19–17. ಅಂದು ಪಂದ್ಯದ ನಂತರ ಮಾತನಾಡಲು ಬಂದ ಕ್ಯಾಂಪ್‌ಬೆಲ್ ಗಂಟಲು ಕಟ್ಟಿ ಕಣ್ಣು ಒರೆಸಿಕೊಂಡರು. ನೀವು ಈ ಎರಡನ್ನೂ ಸೇರಿಸಿ ‘ಎರಡು ಕಿರಿದಾದ ಸೋಲುಗಳು’ ಎಂದು ಮುಗಿಸಿದ್ದೀರಿ. ಅಡ್ಡಪಟ್ಟಿಗೆ ಬಡಿದ ಚೆಂಡು ಎಷ್ಟು ಬೆರಳಿನ ಅಂತರದಲ್ಲಿ ಆಚೆ ಬಿತ್ತೆಂದು ಕಣ್ಣಿಗೆ ಕಟ್ಟಿದರೆ ಮಾತ್ರ ಆ ಕಣ್ಣೀರಿಗೆ ಅರ್ಥ ಬರುತ್ತದೆ.

ಈಗ ಡಿಸೆಂಬರ್ 5. ಲೇಖನ ಇಲ್ಲಿಂದ ಶುರುವಾಗಬೇಕೆಂದು ನನ್ನ ಒತ್ತಾಯ. ಅದೇ ಮಿನೆಸೋಟ ತಂಡ, ಈ ಸಲ ಡೆಟ್ರಾಯಿಟ್‌ನಲ್ಲಿ. ಲಯನ್ಸ್ ಹಿಂದೆ ಗೆದ್ದದ್ದು 2020ರ ಡಿಸೆಂಬರ್ 6ರಂದು. ಅಂದರೆ ಒಂದು ವರ್ಷಕ್ಕೆ ಒಂದೇ ದಿನ ಕಡಿಮೆ. ಕೊನೆಯ ನಾಲ್ಕು ನಿಮಿಷ, ಲಯನ್ಸ್ 23–21ರಿಂದ ಮುಂದಿದೆ. ಚೆಂಡು ತಮ್ಮದೇ ತುದಿಯಿಂದ 28 ಗಜದಲ್ಲಿದೆ. ಇಲ್ಲಿ ಓದುಗನಿಗೆ ಒಂದೇ ಒಂದು ನಿಯಮ ಹೇಳಬೇಕು: ನಾಲ್ಕು ಯತ್ನಗಳಲ್ಲಿ ಹತ್ತು ಗಜ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಅದಕ್ಕೇ ನಾಲ್ಕನೇ ಯತ್ನದಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದುಬಿಡುತ್ತಾರೆ. ಲಯನ್ಸ್‌ಗೆ ಆಗ ಅದು ನಾಲ್ಕನೇ ಯತ್ನ, ಬೇಕಿದ್ದದ್ದು ಒಂದು ಗಜ. ಕ್ಯಾಂಪ್‌ಬೆಲ್ ಒದೆಯಲು ಒಪ್ಪಲಿಲ್ಲ. ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಚೆಂಡು ಎಸೆಯುವ ಆಟಗಾರ) ಜೇರೆಡ್ ಗಾಫ್ ನೆಲಕ್ಕುರುಳಿದರು, ಚೆಂಡು ಕೈತಪ್ಪಿತು, ಮಿನೆಸೋಟ ಚೆಂಡನ್ನು ಗೋಲಿನ ಗೆರೆ ದಾಟಿಸಿ (ಟಚ್‌ಡೌನ್) 27–23ಕ್ಕೆ ಏರಿತು. ಸೋತಿದ್ದರೆ ಇಡೀ ಊರು ಅವರೊಬ್ಬರ ಹೆಗಲಿಗೇ ಹೊರೆ ಹೊರಿಸುತ್ತಿತ್ತು.

ನೀವು ಈ ನಿರ್ಧಾರವನ್ನು ಬಿಟ್ಟೇಬಿಟ್ಟಿದ್ದೀರಿ. ನಿಮ್ಮ ನಾಯಕ ತಪ್ಪು ಮಾಡಿದಂತೆ ಕಾಣಬಾರದೆಂದೇ? ಕೊನೆಯ ಗೆಲುವನ್ನು ಮಾತ್ರ ಇಟ್ಟುಕೊಂಡಿದ್ದೀರಿ: ಗಡಿಯಾರದಲ್ಲಿ ನಾಲ್ಕು ಸೆಕೆಂಡ್, ಮತ್ತೆ ನಾಲ್ಕನೇ ಯತ್ನ, 11 ಗಜದಿಂದ ಗಾಫ್ ಎಸೆತ, ಗೋಲಿನ ಗೆರೆಯ ಒಳಗೆ ಅಮಾನ್-ರಾ ಸೇಂಟ್ ಬ್ರೌನ್ ಎದೆಗವಚಿಕೊಂಡ ಚೆಂಡು, 29–27. ಇದನ್ನು ಚೆನ್ನಾಗಿಯೇ ಬರೆದಿದ್ದೀರಿ. ಆದರೆ ನಾಲ್ಕು ನಿಮಿಷದ ಹಿಂದಿನ ಎಡವಟ್ಟಿಲ್ಲದೆ ಇದು ಬರೀ ಅದೃಷ್ಟ. ಎಡವಟ್ಟು ಮಾಡಿದ ಮನುಷ್ಯ, ಅದರಲ್ಲಿ ಚೆಂಡು ಕಳೆದುಕೊಂಡ ಗಾಫ್‌ನ ಕೈಗೇ ಮತ್ತೆ ಚೆಂಡು ಕೊಟ್ಟ. ಗಾಫ್ ಯಾರು? ಲಾಸ್ ಏಂಜಲೀಸ್‌ನವರು ಬೇಡವೆಂದು, ಡೆಟ್ರಾಯಿಟ್‌ನ ಮ್ಯಾಥ್ಯೂ ಸ್ಟ್ಯಾಫರ್ಡ್‌ಗೆ ಬದಲಾಗಿ ಕಳಿಸಿಕೊಟ್ಟ ಹುಡುಗ. ಆ ಸ್ಟ್ಯಾಫರ್ಡ್ ಅದೇ ಋತುವಿನ ಕೊನೆಗೆ ಲಾಸ್ ಏಂಜಲೀಸ್ ತಂಡದಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಇಷ್ಟು ಹೇಳಿದರೆ ಎಸೆತದ ತೂಕ ತಾನಾಗಿ ಹೆಚ್ಚುತ್ತದೆ, ‘ಅದ್ಭುತ’ ಎಂಬ ಪದವನ್ನು ಆರು ಸಲ ಬರೆಯುವುದು ಬೇಡ.

ಇನ್ನು ಆ ಒಂಬತ್ತನೇ ಪುಟದ ವಾಕ್ಯ. ‘ಕಾರು ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಪಕ್ಕದ ಮನೆಯ ಅಜ್ಜ ಕೊನೆಯ ಎಸೆತಕ್ಕೆ ಮೊದಲೇ ಟಿ.ವಿ. ಆರಿಸಿ ಹೊರಗೆ ಎಲೆ ಗುಡಿಸಲು ಹೋದರು.’ ನನ್ನ ಪ್ರಕಾರ ಇಡೀ ಋತು ಈ ವಾಕ್ಯದಲ್ಲಿದೆ. ಆಮೇಲೆ ಏನಾಯಿತು? ಯಾರು ಹೋಗಿ ಹೇಳಿದರು? ಪೊರಕೆ ಕೆಳಗಿಟ್ಟರೇ? ನಿಮಗೆ ನೆನಪಿದ್ದಷ್ಟನ್ನೇ ಬರೆಯಿರಿ, ಇಲ್ಲದ್ದನ್ನು ಕಟ್ಟಬೇಡಿ. ಈ ಅಜ್ಜನನ್ನು ಮೊದಲ ಪುಟಕ್ಕೆ ತನ್ನಿ. ಕ್ರಿಕೆಟ್ ಹೋಲಿಕೆಗಳು ಏಳಿವೆ, ಏಳನ್ನೂ ಹೊಡೆದುಹಾಕಿದ್ದೇನೆ. ಅಜ್ಜ ಇರುವಾಗ ಕನ್ನಡದ ಓದುಗನಿಗೆ ಅವು ಬೇಕಾಗುವುದಿಲ್ಲ.

ಒಂದು ಕಡೆ ನನಗೆ ನಿಜವಾಗಿ ಬೇಸರವಾಯಿತು. ಆ ಪಂದ್ಯಕ್ಕೆ ಐದು ದಿನ ಮೊದಲು ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಊರಿನ ಪ್ರೌಢಶಾಲೆಯಲ್ಲಿ ಗುಂಡಿನ ದಾಳಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ‘ಈ ಗೆಲುವು ಆ ಗಾಯಕ್ಕೆ ಮುಲಾಮಾಯಿತು’ ಎಂದು ನೀವು ಬರೆದಿದ್ದೀರಿ. ಮಕ್ಕಳನ್ನು ಕಳೆದುಕೊಂಡ ಮನೆಗೆ ಯಾವ ಪಂದ್ಯವೂ ಮುಲಾಮಲ್ಲ. ಕ್ಯಾಂಪ್‌ಬೆಲ್ ಆ ಮಾತು ಆಡಲಿಲ್ಲ. ಪಂದ್ಯದ ಚೆಂಡನ್ನು ಆಕ್ಸ್‌ಫರ್ಡ್‌ನ ಜನರಿಗೆ ಅರ್ಪಿಸಿ, ಸತ್ತ ಮಕ್ಕಳ ಹೆಸರುಗಳನ್ನು ಹೇಳಿದರು. ಅಷ್ಟನ್ನೇ ಬರೆದು ಮುಂದೆ ಹೋಗಿ.

ಸಣ್ಣ ತಿದ್ದುಪಡಿಗಳು: ಆ ಋತುವಿನಲ್ಲಿ ಪಂದ್ಯಗಳು 16 ಅಲ್ಲ, 17. ಲೀಗ್ ಮೊದಲ ಬಾರಿಗೆ 17 ಆಡಿಸಿದ್ದು ಅದೇ ವರ್ಷ. ಆದ್ದರಿಂದ ಕೊನೆಯ ಲೆಕ್ಕ 3 ಗೆಲುವು, 13 ಸೋಲು, 1 ಸಮ. ಲೀಗ್‌ನ ಅತಿ ದೂರದ ಒದೆತವೆಂಬ ಟಕರ್ ದಾಖಲೆ ‘ಇಂದಿಗೂ ಉಳಿದಿದೆ’ ಎಂಬುದು ತಪ್ಪು. 2025ರ ನವೆಂಬರ್‌ನಲ್ಲಿ ಜಾಕ್ಸನ್‌ವಿಲ್ ತಂಡದ ಕ್ಯಾಮ್ ಲಿಟಲ್ 68 ಗಜದಿಂದ ಒದ್ದು ಅದನ್ನು ಮುರಿದರು.

ಹದಿನಾಲ್ಕು ಪುಟ ಎಂಟಕ್ಕೆ ಇಳಿಯಲಿ. ನನ್ನ ಗುರುತುಗಳಿರುವ ಪ್ರತಿಯನ್ನು ಇದರೊಂದಿಗೆ ಕಳುಹಿಸುತ್ತಿದ್ದೇನೆ. ತಿಂಗಳೊಳಗೆ ಮರಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಆ ಅಜ್ಜ ಈಗಲೂ ಪಕ್ಕದ ಮನೆಯಲ್ಲೇ ಇದ್ದರೆ, ಬರೆಯುವ ಮೊದಲು ಒಮ್ಮೆ ಹೋಗಿ ಮಾತನಾಡಿಸಿಕೊಂಡು ಬನ್ನಿ.

ವಿಶ್ವಾಸದಿಂದ,
ಸಂಪಾದಕ