‘ನನಗೆ ಗಣಿತ ಬರಲ್ಲ’ ಎನ್ನುವ ಮಗಳು

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಮನೆಯಲ್ಲಿ ಬೀಜಗಣಿತದ ಲೆಕ್ಕ ಮಾಡುತ್ತಾಳೆ, ಪರೀಕ್ಷೆಯಲ್ಲಿ ಅರ್ಧಕ್ಕೇ ಬಿಟ್ಟು ಬರುತ್ತಾಳೆ. ‘ನನಗೆ ಗಣಿತ ಬರಲ್ಲ’ ಅಂತಾಳೆ. ‘ನೀನು ಜಾಣೆ, ಆಗುತ್ತೆ’ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲ್ಲ. ಏನು ಮಾಡಲಿ?

ಉತ್ತರ: ‘ಜಾಣೆ’ ಎನ್ನುವುದನ್ನು ಮೊದಲು ನಿಲ್ಲಿಸಿ. ಆ ಮಾತು ನಿಜವಾದರೆ ಬಿಟ್ಟುಬಂದ ಲೆಕ್ಕಕ್ಕೆ ಕಾರಣವೇನು ಎಂಬ ಪ್ರಶ್ನೆ ಅವಳಿಗೇ ಏಳುತ್ತದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಹೇಳಿದಂತೆ, ‘ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳು: ಸ್ವತಃ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಇತರರ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ನೀವು ಮಾತೊಂದನ್ನೇ ನೆಚ್ಚಿಕೊಂಡಿದ್ದೀರಿ.

ಇನ್ನು, ಮನೆಯಲ್ಲಿ ಅವಳು ಲೆಕ್ಕ ಮಾಡುವುದು ಹೇಗೆ ಎಂದು ನೋಡಿ. ಬಿಡಿಸಿದ ಉದಾಹರಣೆ ಪಕ್ಕದಲ್ಲೇ ತೆರೆದಿದ್ದರೆ, ಅಥವಾ ತಡೆದಾಕ್ಷಣ ನೀವು ಸುಳಿವು ಕೊಡುತ್ತಿದ್ದರೆ, ಅದು ಅವಳ ಗೆಲುವಲ್ಲ. ಪರೀಕ್ಷೆಯಲ್ಲಿ ಆ ಆಸರೆ ಇರುವುದಿಲ್ಲ.

ಆದ್ದರಿಂದ ವಾರಕ್ಕೆ ಮೂರು ದಿನ, ದಿನಕ್ಕೆ ಆರೇ ಲೆಕ್ಕ, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟು. ನಾಲ್ಕು ಅವಳ ಕೈಲಾಗುವಂಥವು, ಎರಡು ತುಸು ಕಷ್ಟದವು ಇರಲಿ. ಎಲ್ಲವೂ ಸುಲಭವಾದರೆ ಗೆದ್ದರೂ ನಂಬಿಕೆ ಬಲಿಯದು. ಪ್ರತಿ ಲೆಕ್ಕ ಶುರುಮಾಡುವ ಮುನ್ನ ‘ಸರಿ ಬರುತ್ತದೆ’ ಎಂಬ ಭರವಸೆಗೆ 0ರಿಂದ 10ರೊಳಗೆ ಒಂದು ಅಂಕ ಬರೆಯಲಿ. ಉತ್ತರ ನೋಡಿದ ಮೇಲೆ ಪಕ್ಕದಲ್ಲಿ ಸರಿ, ತಪ್ಪು ಗುರುತು. ಐದು ನಿಮಿಷ ತಡವರಿಸಿದರೂ ಸುಮ್ಮನಿರಿ (ಹೆತ್ತವರಿಗೆ ಇದೇ ಕಷ್ಟದ ಭಾಗ).

ಮೂರ‍್ನಾಲ್ಕು ವಾರಗಳ ಹಾಳೆಗಳನ್ನು ಒಟ್ಟಿಗೆ ಹರಡಿ ಕೂತು ನೋಡಿ. 3 ಎಂದು ಬರೆದು ಸರಿ ಮಾಡಿದವು ಕಂಡರೆ ಅವನ್ನೇ ತೋರಿಸಿ. ಹೊಗಳಿಕೆಗಿಂತ ಅದು ನಾಟುತ್ತದೆ. 9 ಎಂದು ಬರೆದು ತಪ್ಪಿದವು ಹೆಚ್ಚಿದ್ದರೆ ಕೊರತೆ ಇರುವುದು ಧೈರ್ಯದಲ್ಲಲ್ಲ, ಸ್ವಂತ ಉತ್ತರವನ್ನು ತಾಳೆ ನೋಡುವ ಅಭ್ಯಾಸದಲ್ಲಿ. ತರಗತಿಗೆ ಮೊದಲು ಬರುವವರ ಜೊತೆ ಹೋಲಿಸಬೇಡಿ. ಇವಳಂತೆಯೇ ಎಡವಿ ದಾರಿಗೆ ಬಂದ ಗೆಳತಿ ಜೊತೆಗೆ ಕೂತರೆ ಹೆಚ್ಚು ಉಪಯೋಗ.

ತಪ್ಪಿದ ಲೆಕ್ಕಗಳಲ್ಲಿ ಯಾವ ಹೆಜ್ಜೆ ಮುಗ್ಗರಿಸಿತು ಎಂಬುದನ್ನೂ ಗುರುತು ಹಾಕಿ. ಬಹುಪಾಲು ಋಣಚಿಹ್ನೆಯಲ್ಲೋ ಭಿನ್ನರಾಶಿಯಲ್ಲೋ ಬಿದ್ದಿದ್ದರೆ, ಒಂಬತ್ತನೇ ತರಗತಿಯ ಪಾಠ ಬದಿಗಿಟ್ಟು ಎರಡು ವಾರ ಅದನ್ನೇ ಕಲಿಸಿ.