ನಿಮ್ಮ ಲೇಖನದಲ್ಲಿ ವಾರದ ದಿನಗಳೇ ಇಲ್ಲ

ನಮಸ್ಕಾರ.

'ಆತುರದ ಪ್ರೀತಿ, ಅಕಾಲ ಮರಣ' ಎಂಬ ನಿಮ್ಮ ಲೇಖನ ಭಾನುವಾರ ರಾತ್ರಿ ಬಂತು. ಮಂಗಳವಾರ 'ಓದಿದಿರಾ ಸರ್?' ಎಂದು ಒಂದು ಮೇಲ್. ಗುರುವಾರ ಬೆಳಿಗ್ಗೆ ಇನ್ನೊಂದು: 'ಆಗುತ್ತೋ ಇಲ್ಲವೋ ಇವತ್ತೇ ಹೇಳಿಬಿಡಿ, ಇಲ್ಲದಿದ್ದರೆ ಬೇರೆ ಪತ್ರಿಕೆಗೆ ಕಳಿಸುತ್ತೇನೆ.' ಓದಿ ನಗು ಬಂತು. ನೀವು ಬರೆದಿರುವುದು 'ರೋಮಿಯೊ ಅಂಡ್ ಜೂಲಿಯೆಟ್' ಬಗ್ಗೆ. ಆ ನಾಟಕವೂ ಭಾನುವಾರ ಬೆಳಿಗ್ಗೆ ಶುರುವಾಗಿ ಗುರುವಾರ ರಾತ್ರಿಗೆ ಮುಗಿಯುತ್ತದೆ. ಶುಕ್ರವಾರ ಬೆಳಗಾಗುವಾಗ ಹೆಣ ಎಣಿಸುವುದಷ್ಟೇ ಬಾಕಿ.

ಲೇಖನ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ಕಾಯಿಸುವುದು ಬೇಡ. ಯಾಕೆ ಆಗುವುದಿಲ್ಲ ಎಂದು ಮಾತ್ರ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಐದು ಪುಟದಲ್ಲಿ ಒಂದು ಪ್ಯಾರಾ ತುಂಬ ಚೆನ್ನಾಗಿದೆ. ಅದೊಂದು ಇಲ್ಲದಿದ್ದರೆ ಎರಡು ಸಾಲಿನ ಉತ್ತರ ಕಳಿಸಿ ಸುಮ್ಮನಾಗುತ್ತಿದ್ದೆ.

ನಿಮ್ಮ ಮೊದಲ ಎರಡು ಪುಟ ಕಥೆಯ ಸಾರಾಂಶ. ವೆರೋನಾ ಊರು, ಎರಡು ಮನೆತನದ ಹಗೆ, ಬೆಳದಿಂಗಳು, ಬಾಲ್ಕನಿ. ಇದು ನಮ್ಮ ಓದುಗರಿಗೆ ಗೊತ್ತಿದೆ. ಗೊತ್ತಿಲ್ಲದವರಿಗೆ ನಾಲ್ಕು ಸಾಲು ಸಾಕು. ಅಂದ ಹಾಗೆ, ಷೇಕ್ಸ್‌ಪಿಯರ್ ಬರೆದದ್ದರಲ್ಲಿ ಬಾಲ್ಕನಿ ಎಂಬ ಪದವೇ ಇಲ್ಲ. ಕಿಟಕಿ ಇದೆ, 'ಮೇಲೆ' ಎಂಬ ಸೂಚನೆ ಇದೆ, ಅಷ್ಟೇ. ವೆರೋನಾದಲ್ಲಿ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಬಾಲ್ಕನಿಯನ್ನು ಆ ಹಳೇ ಮನೆಗೆ ಸೇರಿಸಿದ್ದು ಇಪ್ಪತ್ತನೇ ಶತಮಾನದಲ್ಲಿ.

ಇದು ಸಣ್ಣ ತಪ್ಪು, ಹೋಗಲಿ ಬಿಡಿ. ದೊಡ್ಡದು ಮೂರನೇ ಪುಟದಲ್ಲಿದೆ. 'ತಿಂಗಳುಗಟ್ಟಲೆ ಕದ್ದುಮುಚ್ಚಿ ಭೇಟಿಯಾಗುತ್ತಿದ್ದ ಪ್ರೇಮಿಗಳು' ಎಂದಿದ್ದೀರಿ. ಯಾವ ತಿಂಗಳು? ನಾಟಕ ಪಕ್ಕದಲ್ಲಿ ಇಟ್ಟುಕೊಂಡು ಲೆಕ್ಕ ಹಾಕಿ. ಭಾನುವಾರ ರಾತ್ರಿ ಔತಣದಲ್ಲಿ ಮೊದಲ ನೋಟ. ಅದೇ ರಾತ್ರಿ ಕಿಟಕಿಯ ಮಾತು. ಸೋಮವಾರ ಮಧ್ಯಾಹ್ನ ಪಾದ್ರಿ ಲಾರೆನ್ಸ್‌ನ ಕೋಣೆಯಲ್ಲಿ ಮದುವೆ. ಮಂಗಳವಾರ ನಸುಕಿನಲ್ಲಿ ಬೀಳ್ಕೊಡುಗೆ. ಇಬ್ಬರೂ ಎಚ್ಚರವಾಗಿದ್ದು ಒಬ್ಬರನ್ನೊಬ್ಬರು ನೋಡಿದ್ದನ್ನು ರಂಗದ ಮೇಲೆ ಕಾಣುವುದು ಈ ನಾಲ್ಕೇ ಸಲ. ಐದನೇ ಸಲ ಸಮಾಧಿಯಲ್ಲಿ. ಅಲ್ಲಿ ಇವನು ಬಂದಾಗ ಅವಳಿಗೆ ಎಚ್ಚರವಿಲ್ಲ, ಅವಳು ಎದ್ದಾಗ ಇವನಿಲ್ಲ.

ನೀವು ಆತುರದ ಬಗ್ಗೆ ಬರೆಯಲು ಹೊರಟವರು. ಆ ಆತುರದ ಅಳತೆಯನ್ನೇ ಬಿಟ್ಟಿರಿ. ಲೇಖನದಲ್ಲಿ 'ಆತುರ' ಎಂಬ ಪದ ಹತ್ತೊಂಬತ್ತು ಸಲ ಬರುತ್ತದೆ, ಎಣಿಸಿದ್ದೇನೆ. ಒಂದು ಸಲವೂ ವಾರದ ಹೆಸರಿಲ್ಲ, ಗಂಟೆ ಇಲ್ಲ. ಷೇಕ್ಸ್‌ಪಿಯರ್ ಆದರೆ ಪದೇಪದೇ ಗಡಿಯಾರ ತೋರಿಸುತ್ತಾನೆ. ಗೆಳೆಯ ಮರ್ಕ್ಯೂಷಿಯೊ, ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್‌ನ ಕೈಯಲ್ಲಿ ಇರಿತ ತಿಂದು ಒಳಗೆ ಹೋದ ಮೇಲೆ ರೋಮಿಯೊ ಅಂದುಕೊಳ್ಳುವುದು ಏನು? ಟಿಬಾಲ್ಟ್ ನನಗೆ ನಂಟನಾಗಿ ಇನ್ನೂ ಒಂದೇ ಗಂಟೆ ಆಯಿತು ಎಂದು. ಆ ಒಂದು ಗಂಟೆಯ ಭಾವಮೈದುನನನ್ನು ಕೆಲವೇ ನಿಮಿಷದಲ್ಲಿ ಕೊಂದೇ ಬಿಡುತ್ತಾನೆ. ನೀವು ಅದನ್ನು 'ಯೌವನದ ಆವೇಶ' ಎಂದು ಎರಡು ಪದದಲ್ಲಿ ಮುಗಿಸಿದ್ದೀರಿ.

ಇನ್ನು ನಿಮ್ಮ ವಾದ. ಎರಡನೇ ಪುಟದಲ್ಲಿ ಎಲ್ಲವೂ 'ವಿಧಿಯ ಕೈವಾಡ'. ನಾಲ್ಕನೇ ಪುಟದಲ್ಲಿ ತಪ್ಪೆಲ್ಲ ಆ ಇಬ್ಬರದ್ದು. ಎರಡನ್ನೂ ಒಟ್ಟಿಗೆ ಹಿಡಿಯುವುದಾದರೆ ಹೇಗೆ ಎಂದು ವಿವರಿಸಬೇಕಲ್ವಾ? ಕೊನೆಗೆ 'ಹಿರಿಯರ ಮಾತು ಕೇಳಿದ್ದರೆ ಇಬ್ಬರೂ ಬದುಕುತ್ತಿದ್ದರು' ಎಂದು ಬರೆದು, 'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ಗಾದೆ ಹಾಕಿ ಬಾಗಿಲು ಮುಚ್ಚಿದ್ದೀರಿ.

ಈ ಬುದ್ಧಿಮಾತು ನಿಮಗಿಂತ ಮೊದಲೇ ಒಬ್ಬರು ಹೇಳಿದ್ದಾರೆ. 1562ರಲ್ಲಿ ಆರ್ಥರ್ ಬ್ರೂಕ್ ಎಂಬುವನು ಇದೇ ಕಥೆಯನ್ನು ಇಂಗ್ಲಿಷಿನಲ್ಲಿ ಉದ್ದನೆಯ ಪದ್ಯವಾಗಿ ಬರೆದ. ಷೇಕ್ಸ್‌ಪಿಯರ್‌ಗೆ ಮುಖ್ಯವಾಗಿ ಕಥೆ ಸಿಕ್ಕಿದ್ದು ಅಲ್ಲಿಂದ. ಬ್ರೂಕ್ ತನ್ನ ಮುನ್ನುಡಿಯಲ್ಲಿ, ಅಪ್ಪ ಅಮ್ಮನ ಮಾತು ಮೀರಿ ಕೆಟ್ಟ ಆಸೆಗೆ ಬಿದ್ದವರ ಗತಿ ನೋಡಿ ಎಂದು ಓದುಗರಿಗೆ ಎಚ್ಚರಿಕೆ ಕೊಡುತ್ತಾನೆ. ಅವನ ಪದ್ಯದಲ್ಲಿ ಕಥೆ ಸುಮಾರು ಒಂಬತ್ತು ತಿಂಗಳು ನಡೆಯುತ್ತದೆ. ನಿಮ್ಮ 'ತಿಂಗಳುಗಟ್ಟಲೆ' ಅಲ್ಲಾದರೆ ಸರಿ! ಹುಡುಗಿಗೆ ಹತ್ತಿರ ಹತ್ತಿರ ಹದಿನಾರು. ಷೇಕ್ಸ್‌ಪಿಯರ್ ಕಥೆ ತೆಗೆದುಕೊಂಡ, ಬುದ್ಧಿಮಾತನ್ನು ಅಲ್ಲೇ ಬಿಟ್ಟ. ಒಂಬತ್ತು ತಿಂಗಳನ್ನು ಐದು ದಿನಕ್ಕೆ ಹಿಂಡಿದ. ಹುಡುಗಿಯ ವಯಸ್ಸು ಹದಿಮೂರಕ್ಕೆ ಇಳಿಸಿದ. ಯಾಕೆ ಹೀಗೆ ಮಾಡಿದ ಎಂಬ ಪ್ರಶ್ನೆಯಿಂದ ನಿಮ್ಮ ಲೇಖನ ಶುರುವಾಗಬೇಕಿತ್ತು.

ಹಿರಿಯರ ಮಾತು ಅಂದಿರಲ್ಲ, ಆ ಹಿರಿಯರನ್ನು ಒಮ್ಮೆ ಹತ್ತಿರದಿಂದ ನೋಡೋಣ. ಕ್ಯಾಪುಲೆಟ್, ಹುಡುಗಿಯ ಅಪ್ಪ. ಭಾನುವಾರ ಪ್ಯಾರಿಸ್ ಎಂಬ ವರ ಮದುವೆಯ ಮಾತೆತ್ತಿದಾಗ ಎಷ್ಟು ಸಮಾಧಾನದ ಮನುಷ್ಯ! ಮಗಳು ಚಿಕ್ಕವಳು, ಇನ್ನೆರಡು ಬೇಸಿಗೆ ಕಳೆಯಲಿ ಎನ್ನುತ್ತಾನೆ. ಸೋಮವಾರ ರಾತ್ರಿ ಅದೇ ಮನುಷ್ಯ ಪ್ಯಾರಿಸ್‌ನ ಮುಂದೆ ಕೂತಿದ್ದಾನೆ. ಮನೆಯಲ್ಲಿ ಟಿಬಾಲ್ಟ್‌ನ ಸಾವಾಗಿದೆ. ಮಗಳು ಕೆಳಗೆ ಬರುವುದಿಲ್ಲ, ಹೊತ್ತಾಗಿದೆ. ಆಗ ಇದ್ದಕ್ಕಿದ್ದಂತೆ, ಅವಳನ್ನು ಕೇಳದೆಯೇ, ಮದುವೆಗೆ ಮಾತು ಕೊಡುತ್ತಾನೆ. ಬುಧವಾರ ಅನ್ನಲು ಬಾಯಿ ತೆರೆದು, 'ಇವತ್ತು ಯಾವ ವಾರ?' ಎಂದು ಕೇಳುತ್ತಾನೆ. ಸೋಮವಾರ ಎನ್ನುತ್ತಾನೆ ಪ್ಯಾರಿಸ್. ಬುಧವಾರ ತೀರಾ ಬೇಗ ಆಯಿತು, ಗುರುವಾರ ಇರಲಿ ಎಂದು ಇವನು. 'ಈ ಆತುರ ನಿಮಗೆ ಒಪ್ಪಿಗೆಯೇ?' ಎಂದು ಬೇರೆ ಕೇಳುತ್ತಾನೆ. ಆತುರ ಎಂಬ ಪದ ಬಂದದ್ದು ಅಪ್ಪನ ಬಾಯಲ್ಲೇ, ನೋಡಿ. ಕೆಳಗೆ ಈ ಲಗ್ನ ಗೊತ್ತಾಗುವಾಗ ಮಹಡಿಯ ಮೇಲೆ ಮಗಳ ಕೋಣೆಯಲ್ಲಿ ಅಳಿಯ ಇದ್ದಾನೆ. ಅದು ಅವರ ಮೊದಲ ರಾತ್ರಿ.

ಅಲ್ಲಿಗೂ ನಿಲ್ಲುವುದಿಲ್ಲ. ಮನೆಯಲ್ಲಿ ಸಾವಾಗಿದೆ, ಜನ ಏನಂದಾರು, ಒಂದೈದಾರು ಮಂದಿ ನೆಂಟರು ಸಾಕು ಎಂದವನು ಮಂಗಳವಾರ ಇಪ್ಪತ್ತು ಜನ ಅಡುಗೆಯವರನ್ನು ಕರೆತರಲು ಆಳು ಕಳಿಸುತ್ತಾನೆ. ಮಗಳು ಒಪ್ಪಿಕೊಂಡಂತೆ ನಟಿಸಿದ ಕೂಡಲೇ ಹಿಗ್ಗಿ, ಗುರುವಾರದ ಮದುವೆಯನ್ನು ಬುಧವಾರಕ್ಕೆ ಎಳೆಯುತ್ತಾನೆ. ಹೆಂಡತಿ ಬೇಡವೆನ್ನುತ್ತಾಳೆ. ಸಾಮಾನು ಸಾಲದು, ಕತ್ತಲಾಗುತ್ತಾ ಬಂತು ಎನ್ನುತ್ತಾಳೆ. ಇವನು ಕೇಳಬೇಕಲ್ಲ. ರಾತ್ರಿಯಿಡೀ ಅಡುಗೆಮನೆಯ ಸುತ್ತ ಓಡಾಡುತ್ತಾನೆ. ಬೆಳಗಿನ ಜಾವ ಮೂರು ಹೊಡೆಯಿತು ಏಳಿ ಎಂದು ಎಲ್ಲರನ್ನೂ ಎಬ್ಬಿಸುತ್ತಾನೆ. ಬೇಗ ಬೇಗ ಎಂದು ಕೂಗುತ್ತಾನೆ. ಆ ಅಡುಗೆ ಕೊನೆಗೆ ತಿಥಿಯೂಟವಾಯಿತು. ಮದುವೆ ಒಂದು ದಿನ ಮೊದಲೇ ಬಂದದ್ದರಿಂದ, ಸತ್ತಂತೆ ಕಾಣಲು ಪಾದ್ರಿ ಕೊಟ್ಟ ಔಷಧಿಯನ್ನು ಜೂಲಿಯೆಟ್ ಕುಡಿಯುವುದೂ ಒಂದು ರಾತ್ರಿ ಮೊದಲೇ ಬಂತು. ಟಿಬಾಲ್ಟ್‌ನನ್ನು ಕೊಂದು ಗಡೀಪಾರಾಗಿ ಮಾಂಟುವಾ ಊರಿನಲ್ಲಿದ್ದ ರೋಮಿಯೊಗೆ ಈ ಉಪಾಯ ತಿಳಿಸಲು ಹೊರಟ ಪಾದ್ರಿಯ ಕಾಗದಕ್ಕೆ ಅಷ್ಟು ಸಮಯ ಕಡಿಮೆಯಾಯಿತು.

ನಾನು ಕಾಲೇಜಿನಲ್ಲಿ ಓದಿದಾಗ ನನಗೂ ಇದು ಕಾಣಲಿಲ್ಲ. ನಾನೂ ಆ ಹುಡುಗ ಹುಡುಗಿಗೇ ಬೈದಿದ್ದೆ. ಮನೆಯಲ್ಲಿ ಮಗಳ ಮದುವೆ ಮಾತುಕತೆ ನಡೆಯುತ್ತಿದ್ದಾಗ ಮತ್ತೆ ಓದಿದೆ. ಛತ್ರ ಸಿಗುತ್ತಿದೆ, ಮುಂದಿನ ತಿಂಗಳೇ ಮುಗಿಸೋಣ ಎಂದು ಹಿಂದಿನ ದಿನವಷ್ಟೇ ನಾನು ಹೇಳಿದ್ದೆ. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ.

ಪಾದ್ರಿ ಲಾರೆನ್ಸ್ ಇನ್ನೊಬ್ಬ ಹಿರಿಯ. ಬೆಳಿಗ್ಗೆ, ನಿಧಾನ, ಓಡಿದವರು ಎಡವುತ್ತಾರೆ ಎಂದು ಹೇಳಿ ಅದೇ ಮಧ್ಯಾಹ್ನ ಮದುವೆ ಮಾಡಿಸಿದವನು. ಎರಡು ಮನೆಯ ಹಗೆ ಹೀಗಾದರೂ ತಣ್ಣಗಾದೀತು ಎಂಬ ದೂರದ ಲೆಕ್ಕ ಅವನದ್ದು. ಕೊನೆಗೆ ಸಮಾಧಿಯಲ್ಲಿ ಕಾವಲುಗಾರರ ಸದ್ದು ಕೇಳಿ, ಇನ್ನು ನಿಲ್ಲಲಾರೆ ಎಂದು ಆ ಹದಿಮೂರರ ಹುಡುಗಿಯನ್ನು ಗಂಡನ ಹೆಣದ ಜೊತೆ ಬಿಟ್ಟು ಹೊರಡುತ್ತಾನೆ. ನೀವು ಅವನನ್ನು 'ಜ್ಞಾನವೃದ್ಧ' ಎಂದು ಕರೆದಿದ್ದೀರಿ. ಕಾಟು ಹಾಕಿದ್ದೇನೆ.

ಇಷ್ಟರ ನಡುವೆ ನಿಂತು ಯೋಚಿಸುವುದು ಯಾರು? ಜೂಲಿಯೆಟ್. ಇದು ತೀರಾ ದುಡುಕು, ಮಿಂಚಿನ ಹಾಗೆ, ಹೊಳೆಯಿತು ಅನ್ನುವಷ್ಟರಲ್ಲಿ ಮಾಯ ಎಂದು ಕಿಟಕಿಯ ಬಳಿ ಮೊದಲು ಹೇಳುವವಳು ಅವಳೇ. ನಿಜ, ಹತ್ತು ನಿಮಿಷ ಕಳೆಯುವಷ್ಟರಲ್ಲಿ, ಮದುವೆಯಾಗುವ ಮನಸ್ಸಿದ್ದರೆ ನಾಳೆ ಹೇಳಿಕಳಿಸು ಎನ್ನುವವಳೂ ಅವಳೇ. ಆದರೆ ಔಷಧಿ ಕುಡಿಯುವ ರಾತ್ರಿ ನೋಡಿ. ಇದು ಕೆಲಸ ಮಾಡದಿದ್ದರೆ? ಪಾದ್ರಿ ತನ್ನ ಮಾನ ಉಳಿಸಿಕೊಳ್ಳಲು ವಿಷವನ್ನೇ ಕೊಟ್ಟಿದ್ದರೆ? ರೋಮಿಯೊ ಬರುವ ಮೊದಲೇ ಎಚ್ಚರವಾದರೆ? ಒಂದೊಂದನ್ನೂ ಕೂತು ತೂಗುತ್ತಾಳೆ, ಪಕ್ಕದಲ್ಲಿ ಚೂರಿ ಇಟ್ಟುಕೊಳ್ಳುತ್ತಾಳೆ, ಆಮೇಲೆ ಕುಡಿಯುತ್ತಾಳೆ. ಇಡೀ ನಾಟಕದಲ್ಲಿ ಇಷ್ಟು ಲೆಕ್ಕ ಹಾಕಿ ಕೈಹಾಕಿದವರು ಇನ್ನೊಬ್ಬರಿಲ್ಲ. ಅವಳನ್ನೂ ರೋಮಿಯೊವನ್ನೂ 'ದುಡುಕಿನ ಜೋಡಿ' ಎಂದು ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ.

ರೋಮಿಯೊ ದುಡುಕಿನವನೇ, ಅದರಲ್ಲಿ ನಿಮ್ಮ ಜೊತೆ ನನಗೆ ಜಗಳವಿಲ್ಲ. ಆದರೆ ಅದಕ್ಕೆ ಸಾಕ್ಷಿ ಕೊಡಿ. ಸುಲಭದ ಸಾಕ್ಷಿ ರೋಸಲಿನ್. ಭಾನುವಾರ ಸಂಜೆಯವರೆಗೂ ಅವನು ನಿಟ್ಟುಸಿರು ಬಿಡುತ್ತಿದ್ದದ್ದು ಆ ಹುಡುಗಿಗಾಗಿ. ನಿಮ್ಮಲ್ಲಿ ಅವಳ ಹೆಸರೇ ಇಲ್ಲ. (ನೀವು ಒಬ್ಬರೇ ಅಲ್ಲ. ಹದಿನೆಂಟನೇ ಶತಮಾನದ ಲಂಡನ್ ನಟ ಡೇವಿಡ್ ಗ್ಯಾರಿಕ್ ಕೂಡ, ನಾಯಕನಿಗೆ ಇದು ಶೋಭೆಯಲ್ಲ ಎಂಬಂತೆ, ತನ್ನ ರಂಗಪ್ರತಿಯಿಂದ ಅವಳನ್ನು ತೆಗೆದುಹಾಕಿದ.) ಅದಕ್ಕಿಂತ ದೊಡ್ಡ ಸಾಕ್ಷಿ ಮಾಂಟುವಾದಲ್ಲಿದೆ. ಆಳು ಬಾಲ್ತಸಾರ್ ಬಂದು ಜೂಲಿಯೆಟ್ ಸತ್ತಳು ಎನ್ನುತ್ತಾನೆ. ಸ್ವಲ್ಪ ತಾಳಿ ಎಂದು ಬೇಡಿಕೊಳ್ಳುತ್ತಾನೆ. ರೋಮಿಯೊ ಕೇಳುತ್ತಾನೆ: ಪಾದ್ರಿಯಿಂದ ಕಾಗದ ಏನೂ ಇಲ್ಲವೇ? ಇಲ್ಲ ಎನ್ನುತ್ತಾನೆ ಆಳು.

'ಪರವಾಗಿಲ್ಲ.'

ಕುದುರೆ ಗೊತ್ತುಮಾಡು ಹೋಗು, ಅಷ್ಟೇ. ಕಾಗದ ಬರಬೇಕಿತ್ತು ಎಂಬುದು ಅವನ ತಲೆಯಲ್ಲಿದೆ. ಅದಕ್ಕೇ ಕೇಳಿದ್ದು. ಯಾಕೆ ಬಂದಿಲ್ಲ ಎಂದು ಕೇಳಲು ಬೇಕಾಗಿದ್ದದ್ದು ಒಂದು ಉಸಿರಿನಷ್ಟು ಹೊತ್ತು. ಅದು ಅವನಲ್ಲಿಲ್ಲ. ಮುಂದಿನ ಕ್ಷಣ ನಲವತ್ತು ಡಕಟ್ ನಾಣ್ಯ ಎಣಿಸಿ, ಹೊಟ್ಟೆಗಿಲ್ಲದ ಔಷಧಿ ಅಂಗಡಿಯವನಿಂದ ವಿಷ ಕೊಳ್ಳುತ್ತಾನೆ. ಸಮಾಧಿಗೆ ಬಂದು ಅವಳ ಕೆನ್ನೆ, ತುಟಿ ಇನ್ನೂ ಕೆಂಪಾಗಿದೆ ಎಂದು ತಾನೇ ಹೇಳುತ್ತಾನೆ. ಯಾಕೆ ಕೆಂಪಾಗಿದೆ ಎಂದು ಅಲ್ಲೂ ಕೇಳಿಕೊಳ್ಳುವುದಿಲ್ಲ.

ಆ ಕಾಗದದ್ದೇ ಒಂದು ಕಥೆ. ಎಲ್ಲರೂ ಓಡುವ ನಾಟಕದಲ್ಲಿ ನಿಂತುಹೋದದ್ದು ಅದೊಂದೇ. ಹಿಡಿದುಕೊಂಡು ಹೊರಟ ಪಾದ್ರಿ ಜಾನ್, ಪ್ಲೇಗ್ ಅನುಮಾನದ ಮನೆಯಲ್ಲಿ ಸಿಕ್ಕಿಕೊಂಡ. ಹೊರಗಿನಿಂದ ಬಾಗಿಲು ಮುದ್ರೆ ಹಾಕಿಬಿಟ್ಟರು. ನೀವು ಇದನ್ನು 'ದುರದೃಷ್ಟವಶಾತ್' ಎಂದು ಹಾರಿಸಿದ್ದೀರಿ. ಲಂಡನ್ನಿನ ಪ್ರೇಕ್ಷಕರಿಗೆ ಇದು ದೂರದ ಮಾತಾಗಿರಲಿಲ್ಲ. 1592ರಿಂದ 1594ರವರೆಗೆ ಪ್ಲೇಗ್ ಕಾರಣಕ್ಕೆ ಅಲ್ಲಿನ ನಾಟಕಶಾಲೆಗಳು ಹೆಚ್ಚು ಕಾಲ ಮುಚ್ಚಿದ್ದವು. 2020ರಲ್ಲಿ ಮನೆ ಬಾಗಿಲಿಗೆ ಪಟ್ಟಿ ಅಂಟಿಸಿದ್ದು ನೋಡಿದ ನಮ್ಮ ಓದುಗರಿಗೂ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಈಗ ಆ ಚೆನ್ನಾಗಿರುವ ಪ್ಯಾರಾ. ನಾಲ್ಕನೇ ಪುಟದ ನಡುವೆ ದಾದಿಯ ಬಗ್ಗೆ ಬರೆದಿದ್ದೀರಿ. ರೋಮಿಯೊನಿಂದ ಮದುವೆಯ ಸುದ್ದಿ ತರಲು ಬೆಳಿಗ್ಗೆ ಒಂಬತ್ತಕ್ಕೆ ಹೋದವಳು, ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದವಳು, ಹನ್ನೆರಡಕ್ಕೆ ಬರುತ್ತಾಳೆ. ಜೂಲಿಯೆಟ್ ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದಾಳೆ. ದಾದಿಗೆ ಮೊದಲು ಉಸಿರು ತಗೋಬೇಕು, ಮೂಳೆ ನೋವು, ತಲೆ ನೋವು, ಬೆನ್ನು ನೋವು, ನಿಮ್ಮಮ್ಮ ಎಲ್ಲಿ, ಊಟ ಆಯ್ತಾ. 'ಸುದ್ದಿ ಅವಳ ಬಾಯಲ್ಲೇ ಇದೆ, ಆದರೆ ಸೊಂಟ ಮೊದಲು ಮಾತಾಡುತ್ತದೆ' ಎಂದು ನೀವು ಬರೆದಿದ್ದೀರಿ. ಭೇಷ್. 'ಅಮರ ಪ್ರೇಮ', 'ನಿಷ್ಕಲ್ಮಶ ಹೃದಯ', 'ಎಂಬುದರಲ್ಲಿ ಎರಡು ಮಾತಿಲ್ಲ' ಎಲ್ಲ ಬರೆದ ಕೈಯೇ ಇದನ್ನೂ ಬರೆದಿದ್ದು ಎಂದು ನಂಬಲು ನನಗೆ ಕಷ್ಟವಾಯಿತು. ಆ ಪ್ಯಾರಾ ಬರೆಯುವಾಗ ನಿಮ್ಮ ಮುಂದೆ ನಾಟಕ ತೆರೆದಿತ್ತು, ಉಳಿದದ್ದು ಬರೆಯುವಾಗ ಯಾವುದೋ ಗೈಡ್ ತೆರೆದಿತ್ತು. ನನ್ನ ಊಹೆ ತಪ್ಪಿದ್ದರೆ ಕ್ಷಮಿಸಿ.

ಮತ್ತೆ ಬರೆಯುವ ಮನಸ್ಸಿದ್ದರೆ ಹೀಗೆ ಮಾಡಿ ನೋಡಿ. ಇಡೀ ನಾಟಕ ಹೊರುವುದು ಬೇಡ. ಕ್ಯಾಪುಲೆಟ್‌ನ ಮಂಗಳವಾರದ ಅಡುಗೆಮನೆ ಒಂದನ್ನೇ ತೆಗೆದುಕೊಳ್ಳಿ, ಇಲ್ಲವೇ ರೋಮಿಯೊನ ಆ 'ಪರವಾಗಿಲ್ಲ'. ಒಂಬೈನೂರು ಪದ ಸಾಕು. ಗಾದೆ ತೆಗೆಯಿರಿ. ಯುವಜನರಿಗೆ ಕಿವಿಮಾತು ತೆಗೆಯಿರಿ. ನೀವೇ ಪದವಿ ಎರಡನೇ ವರ್ಷದಲ್ಲಿದ್ದೀರಿ ಎಂದು ಬರೆದಿದ್ದೀರಿ, ಈಗಲೇ ಯಾಕೆ ಈ ಹಿರೀತನ?

ತಿದ್ದಿದ ಪ್ರತಿ ಇದರ ಜೊತೆಗಿದೆ. ಕೆಂಪು ಜಾಸ್ತಿ ಕಾಣಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಕೊನೆಯ ದಿನಾಂಕ ಅಂತ ಏನಿಲ್ಲ, ದಸರಾ ಕಳೆದ ಮೇಲೆ ಕಳಿಸಿದರೂ ಓದುತ್ತೇನೆ. ಬೇರೆ ಪತ್ರಿಕೆಗೆ ಇವತ್ತೇ ಕಳಿಸುವುದಾದರೆ ಅದೂ ಆಗಲಿ, ಆ 'ತಿಂಗಳುಗಟ್ಟಲೆ'ಯನ್ನಾದರೂ ತಿದ್ದಿ ಕಳಿಸಿ. ದಾದಿಯ ಪ್ಯಾರಾ ಮಾತ್ರ ಮುಟ್ಟಬೇಡಿ.

ಇಂತಿ,
ಸಂಪಾದಕ